ಕೈ ಯಾರದು?

ಕಳೆದ ವಾರ ಅಂಕಣದ ಬಾಲದಲ್ಲಿ ಒಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ. ಕಲಾಶಾಲೆಯ ಹುಡುಗ ಹುಡುಗಿಯರ ಮೇಲೆ ಬಂದ ಸಿನಿಮಾಗಳನ್ನು ಒಳ್ಳೆಯದರಿಂದ ಕೆಟ್ಟದ್ದರವರೆಗೆ ಸಾಲಾಗಿ ನಿಲ್ಲಿಸಿ ಪಟ್ಟಿ ಕೊಡುತ್ತೇನೆ ಅಂದಿದ್ದೆ. ಈಗ ರಾತ್ರಿ ಹತ್ತು ಗಂಟೆ, ಬೆಳಿಗ್ಗೆ ಪುಟ ಕಟ್ಟುತ್ತಾರೆ. ಪಟ್ಟಿಯೇನೋ ಮೇಜಿನ ಮೇಲಿದೆ. ಮೊದಲ ಹೆಸರು ಟೆರ್ರಿ ಝ್ವಿಗಾಫ್‌ನ ‘ಆರ್ಟ್ ಸ್ಕೂಲ್ ಕಾನ್ಫಿಡೆನ್ಶಿಯಲ್’ (2006). ಅದರಲ್ಲಿ ಜಾನ್ ಮಾಲ್ಕೊವಿಚ್, ತ್ರಿಕೋನ ಬರೆದು ಬರೆದೇ ಆಯಸ್ಸು ಸವೆಸಿದ ಮೇಷ್ಟ್ರು. ನಗು ಬರುತ್ತದೆ. ಆದರೆ ಎರಡನೇ ಹೆಸರಿಗೆ ಹೋಗುವ ಮೊದಲೇ ನನ್ನ ಹಳೇ ಚಟ ಎದ್ದು ಕೂತಿತು. ಕಾಯಂ ಓದುಗರಿಗೆ ಇದು ಗೊತ್ತು. ಪರದೆಯ ಮೇಲೆ ಯಾರಾದರೂ ಪೆನ್ಸಿಲ್ ಎತ್ತಿಕೊಂಡರೆ ನಾನು ಮುಖ ನೋಡುವವನಲ್ಲ, ಕೈ ನೋಡುವವನು. ಕೈ ಯಾರದು?

ಸಾಮಾನ್ಯವಾಗಿ ನಡೆಯುವುದು ಹೀಗೆ. ನಟ ಕ್ಯಾನ್ವಾಸಿನತ್ತ ಕಣ್ಣು ಕಿರಿದು ಮಾಡುತ್ತಾನೆ. ಕಟ್. ಕುಂಚದ ಹಿಂಬದಿ ಮಾತ್ರ ಅಲ್ಲಾಡುತ್ತದೆ. ಕಟ್. ಕೆನ್ನೆಗೆ ಒಂದು ಬೊಟ್ಟು ಬಣ್ಣ. ಕಟ್. ಚಿತ್ರ ರೆಡಿ, ಪಿಟೀಲು ಶುರು. ಖಾಲಿ ಹಾಳೆಯೂ ಇತ್ತು, ಮುಗಿದ ಚಿತ್ರವೂ ಬಂತು, ನಡುವಿನದ್ದು ಮಾತ್ರ ಮಾಯ. ಚಿತ್ರ ಕಲಿಯುವವರ ಇಡೀ ಬದುಕು ಇರುವುದು ಆ ನಡುವಿನಲ್ಲಿ.

ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ಕಾಲದಲ್ಲಿ ಒಂದು ಹಿತ್ತಾಳೆ ಚೊಂಬು ನನ್ನನ್ನು ಮೂರು ತಿಂಗಳು ಕಾಡಿತು. ಅದರ ಬಾಯಿ ಅಂಡಾಕಾರ ಬರಬೇಕು. ನನ್ನದು ಯಾವಾಗಲೂ ಒಂದು ಕಡೆ ಮೂತಿ ಉಬ್ಬಿಸಿಕೊಂಡಿರುತ್ತಿತ್ತು. ರಬ್ಬರು ತಿಕ್ಕಿ ತಿಕ್ಕಿ ಹಾಳೆ ನೂಲು ಎದ್ದಿರುತ್ತಿತ್ತು. ಮೇಷ್ಟ್ರು ಹಿಂದಿನಿಂದ ಬಂದು, ಏನೂ ಹೇಳದೆ, ನನ್ನ ಭುಜದ ಮೇಲಿಂದ ಕೈ ಚಾಚಿ, ಒಂದೇ ಎಳೆತಕ್ಕೆ ಬಾಯಿ ಸರಿಮಾಡಿ ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು. ಇಡೀ ಹಾಳೆಯಲ್ಲಿ ಜೀವ ಇರುತ್ತಿದ್ದದ್ದು ಆ ಒಂದು ಗೆರೆಗೆ. ಅದನ್ನು ಮನೆಗೆ ಒಯ್ದು ‘ನಾನೇ ಬರೆದದ್ದು’ ಅಂತ ಅಮ್ಮನಿಗೆ ತೋರಿಸಿದ್ದೆ. ಡೂಪ್ ಅಂದರೇನು ಅಂತ ಸಿನಿಮಾ ನೋಡಿ ತಿಳಿಯಬೇಕಾಗಿರಲಿಲ್ಲ.

ಹಾಗಾಗಿ ಡೂಪ್ ಬಗ್ಗೆ ನನ್ನ ತಕರಾರಿಲ್ಲ. ಜಾಕ್ ರಿವೆಟ್‌ನ ‘ಲಾ ಬೆಲ್ ನ್ವಾಸೂಸ್’ (1991) ನಿಂತಿರುವುದೇ ಡೂಪ್ ಮೇಲೆ. ಬಾಲ್ಜಾಕ್‌ನ ಕತೆಯೊಂದರ ಎಳೆ, ಹೆಚ್ಚುಕಮ್ಮಿ ನಾಲ್ಕು ಗಂಟೆಯ ಸಿನಿಮಾ, ಆ ವರ್ಷ ಕಾನ್‌ನಲ್ಲಿ ಗ್ರಾಂಪ್ರಿ. ನಿಕೊಲಾಸ್ ಎಂಬ ಎಳೆಯ ಚಿತ್ರಕಾರ, ವರ್ಷಗಟ್ಟಲೆ ಕುಂಚ ಮುಟ್ಟದ ಹಿರಿಯ ಫ್ರೆನ್ಹೋಫರ್‌ನ ಮನೆಗೆ ಬರುತ್ತಾನೆ. ತನ್ನ ಗೆಳತಿ ಮರಿಯಾನ್ ಮಾಡೆಲ್ ಆಗಿ ನಿಲ್ಲುತ್ತಾಳೆ ಅಂತ, ಅವಳನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಡುತ್ತಾನೆ. ಮೊದಲ ದಿನದ ಕೆಲಸ ನೋಡಬೇಕು. ಮುದುಕ ಮೇಜು ಎಳೆಯುತ್ತಾನೆ, ಸ್ಟೂಲು ಸರಿಸುತ್ತಾನೆ, ಅದು ಇದು ಹುಡುಕುತ್ತಾನೆ. ಕೆಲಸ ಮುಂದೂಡಲು ಇನ್ನೇನಾದರೂ ನೆಪ ಸಿಕ್ಕೀತೇ ಅಂತ ಕೋಣೆಯೆಲ್ಲ ತಡಕಾಡುವ ಪರಿ ಅದು, ಅಂಕಣ ಬರೆಯುವವರಿಗೆ ವಿವರಿಸಬೇಕಾಗಿಲ್ಲ. ಕೊನೆಗೆ ನಿಬ್ಬು ಮಸಿಗೆ ಅದ್ದಿ ಹಾಳೆಗೆ ತಾಗಿಸುತ್ತಾನೆ. ಸಂಗೀತ ಇಲ್ಲ, ನಿಬ್ಬು ಕಾಗದ ಕೆರೆಯುವ ಸದ್ದು ಮಾತ್ರ. ಗೆರೆ ತಪ್ಪುತ್ತದೆ. ಮಸಿಗೆ ನೀರು ಬೆರೆಸಿ ನೆರಳು ಹರಡುತ್ತಾನೆ. ಅದೂ ಸರಿಹೋಗುವುದಿಲ್ಲ, ಹಾಳೆ ಮಗುಚುತ್ತಾನೆ. ಕ್ಯಾಮೆರಾಕ್ಕೆ ಅವಸರವಿಲ್ಲ. ಮುಖ ಮಿಶೆಲ್ ಪಿಕೊಲಿಯದ್ದು, ಕೈ ಬರ್ನಾರ್ ದ್ಯುಫೂರ್ ಎಂಬ ಚಿತ್ರಕಾರನದ್ದು.

ಕನ್ನಡದಲ್ಲಿ ನಾವು ಚಿತ್ರ ‘ಬರೆಯುತ್ತೇವೆ’, ಚಿತ್ರ ‘ಬಿಡಿಸುತ್ತೇವೆ’. ಗಂಟು, ಸಿಕ್ಕು, ಒಗಟು ಇವಕ್ಕೂ ನಾವು ಹೇಳುವುದು ಬಿಡಿಸು ಎಂದೇ. ದ್ಯುಫೂರ್‌ನ ಕೈ ಮಾಡುತ್ತಿರುವುದು ಆ ಎರಡನೆಯದನ್ನು. ಅಷ್ಟೆಲ್ಲ ಆದಮೇಲೆ ಮುಗಿದ ಚಿತ್ರವನ್ನು ರಿವೆಟ್ ನಮಗೆ ತೋರಿಸುವುದೇ ಇಲ್ಲ. ಅದನ್ನು ಗೋಡೆಯೊಳಗಿಟ್ಟು ಇಟ್ಟಿಗೆ ಕಟ್ಟಿಬಿಡುತ್ತಾರೆ. ಉಳಿದವರು ಬಚ್ಚಿಡುವುದನ್ನೆಲ್ಲ ತೋರಿಸಿದ, ಉಳಿದವರು ತೋರಿಸುವ ಒಂದನ್ನು ಬಚ್ಚಿಟ್ಟ.

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಇದಕ್ಕೊಂದು ವಿರೋಧ ಪಕ್ಷವಿದೆ. ರಿವೆಟ್ ತಾನೇ ಬೇರೆ ಟೇಕ್‌ಗಳನ್ನು ಜೋಡಿಸಿ ‘ಡಿವರ್ಟಿಮೆಂಟೊ’ ಅಂತ ಎರಡು ಗಂಟೆಯ ಇನ್ನೊಂದು ರೂಪ ಮಾಡಿದ್ದ. ಅದರಲ್ಲಿ ಚಿತ್ರ ಬರೆಯುವ ಭಾಗಕ್ಕೇ ಕತ್ತರಿ. ‘ಕತೆ ಪೂರ್ತಿ ಸಿಗುತ್ತಲ್ಲ, ಮತ್ತೇನು ಬೇಕು?’ ಅನ್ನುತ್ತಾರೆ ಆ ಪಕ್ಷದವರು. ಮುದ್ದೆ ನುಂಗುವಷ್ಟು ಪುರುಸೊತ್ತಿಲ್ಲ ಅಂತ ಬರೀ ಸಾರು ಕುಡಿದು ಎದ್ದು ಹೋದವರಿಗೆ ಊಟ ಆಯಿತು ಅನ್ನಿಸಿದರೆ ನಾನೇನು ಹೇಳಲಿ?

ಅದೇ ಪಕ್ಷದವರ ಆರಾಧ್ಯ ದೈವ, ‘ನ್ಯೂಯಾರ್ಕ್ ಸ್ಟೋರೀಸ್’ (1989) ಸಂಕಲನದಲ್ಲಿ ಸ್ಕಾರ್ಸೆಸಿ ಮಾಡಿದ ‘ಲೈಫ್ ಲೆಸನ್ಸ್’. ನಿಕ್ ನೋಲ್ಟಿ ರಾಕ್ ಸಂಗೀತ ಜೋರಾಗಿ ಹಚ್ಚಿ ಕ್ಯಾನ್ವಾಸಿನ ಮೇಲೆ ಬೀಳುತ್ತಾನೆ. ಅಲ್ಲೂ ಚಿತ್ರ ಚಕ್ ಕಾನೆಲಿ ಎಂಬ ನಿಜವಾದ ಚಿತ್ರಕಾರನದ್ದು. ಬಣ್ಣ ಮೆತ್ತುವುದೇನೋ ಕಣ್ತುಂಬ ಕಾಣುತ್ತದೆ. ಆದರೆ ಚಿತ್ರ ಬರೆಯುವುದೆಂದರೆ ಮೈಮೇಲೆ ದೇವರು ಬರುವುದು ಅನ್ನುವ ಈ ಪಂಥಕ್ಕೂ ನನಗೂ ಹಳೇ ಜಗಳ. ಚೊಂಬಿನ ಬಾಯಿ ಮೈದುಂಬಿ ಕುಣಿದರೆ ಬರುವುದಿಲ್ಲ. ಒಪ್ಪಬೇಕಾದದ್ದು ಒಂದಿದೆ. ಅವನ ಸಹಾಯಕಿ ಪಾಲೆಟ್, ತಾನೂ ಚಿತ್ರಕಾರ್ತಿಯಾಗಬೇಕು ಅಂತ ಬಂದವಳು, ನಾನು ಬರೆದದ್ದರಲ್ಲಿ ಹುರುಳಿದೆಯೇ ಅಂತ ಅವನನ್ನು ಕೇಳುತ್ತಾಳೆ. ಅವನು ಜಾರಿಕೊಳ್ಳುತ್ತಾನೆ. ಕಲಾಶಾಲೆಯ ಕಾರಿಡಾರಿನಲ್ಲಿ ಓಡಾಡುವ ಅಸಲಿ ಪ್ರಶ್ನೆ ಅದೊಂದೇ.

ಈ ಅಳತೆಗೋಲನ್ನು ‘ತಾರೇ ಜಮೀನ್ ಪರ್’ (2007) ಮೇಲಿಟ್ಟರೆ ಬೈಸಿಕೊಳ್ಳುತ್ತೇನೆ, ಆಗಲಿ. ಕೊನೆಯ ಚಿತ್ರಸ್ಪರ್ಧೆಯಲ್ಲಿ ಹುಡುಗನದ್ದು, ಮೇಷ್ಟ್ರದ್ದು ಅಂತ ನಾವು ನೋಡುವ ಜಲವರ್ಣಗಳು ಸಮೀರ್ ಮಂಡಲ್ ಅವರವು. ಕುಂಚ ಹಿಡಿಯುವವನ ಹಾವಭಾವವನ್ನು ಆಮೀರ್ ಖಾನ್‌ಗೆ ಹೇಳಿಕೊಟ್ಟವರೂ ಅವರೇ. ನನ್ನ ಕೊರಗು ಬೇರೆ. ಆ ಸ್ಪರ್ಧೆಯ ತೀರ್ಪುಗಾರ್ತಿ ಲಲಿತಾ ಲಾಜ್ಮಿ, ಅವರದೇ ಹೆಸರಿನಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ತಂಗಿ, ಸ್ವತಃ ಚಿತ್ರಕಾರ್ತಿ, ವರ್ಷಾನುಗಟ್ಟಲೆ ಶಾಲಾ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವರು. ಎಷ್ಟು ಸೊಟ್ಟ ಚೊಂಬು ನೋಡಿರಬೇಕು ಆ ಕಣ್ಣು! ಅಂಥವರನ್ನು ಕರೆತಂದು ಬಹುಮಾನ ಹಂಚಲು ಕೂರಿಸಿದರಲ್ಲ. ಅವರನ್ನು ಆ ಹುಡುಗನ ಭುಜದ ಹಿಂದೆ ಎರಡು ನಿಮಿಷ ನಿಲ್ಲಿಸಿದ್ದರೆ ಸಾಕಿತ್ತು.

ನನ್ನ ವಾದಕ್ಕೆ ಕೊಕ್ಕೆ ಹಾಕಿದ್ದು ಒಂದೇ ಸಿನಿಮಾ, ಜಪಾನಿನ ‘ಲುಕ್ ಬ್ಯಾಕ್’ (2024), ಒಂದು ಗಂಟೆಯೂ ಇಲ್ಲ. ಶಾಲೆಯ ಪತ್ರಿಕೆಗೆ ನಾಲ್ಕು ಚೌಕದ ಕಾಮಿಕ್ ಬರೆದು ಮೆರೆಯುತ್ತಿದ್ದ ಫುಜಿನೊ, ಶಾಲೆಗೇ ಬಾರದ ಇನ್ನೊಬ್ಬಳು ಹುಡುಗಿಯ ಗೆರೆ ನೋಡಿ ಕುಸಿಯುತ್ತಾಳೆ. ಮೇಜಿಗೆ ಕೂರುತ್ತಾಳೆ. ನಮಗೆ ಕಾಣುವುದು ಬರೀ ಬೆನ್ನು. ಕಿಟಕಿಯಾಚೆ ಋತು ಬದಲಾಗುತ್ತದೆ, ಸ್ಕೆಚ್ ಪುಸ್ತಕಗಳು ಪೇರಿಕೊಳ್ಳುತ್ತವೆ, ಬೆನ್ನು ಕದಲುವುದಿಲ್ಲ. ಕಟ್ ಮೇಲೆ ಕಟ್, ನಾನು ಸದಾ ಬೈಯುವ ವಿಧಾನವೇ. ಆದರೂ ಬೈಯಲು ಬಾಯಿ ಬರಲಿಲ್ಲ. ಅನಿಮೇಷನ್ ಅಲ್ಲವೇ? ಬೆನ್ನು, ಮೇಜು, ಕಿಟಕಿ ಎಲ್ಲವೂ ಯಾರೋ ಹಾಗೇ ಬೆನ್ನು ಬಗ್ಗಿಸಿ ಬರೆದದ್ದು. ಎಲ್ಲಿ ನೋಡಿದರೂ ಕೈಯೇ.

ಪಟ್ಟಿಯಲ್ಲಿ ಇನ್ನೂ ಒಂಬತ್ತು ಹೆಸರಿವೆ. ಮಡಚಿಡುತ್ತೇನೆ. ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ್ದೊಂದು ಈಗ ನೆನಪಾಗಿ ಮಿಕ್ಕದ್ದೆಲ್ಲ ಸಪ್ಪೆಯಾಯಿತು.

1940ರಲ್ಲಿ ಶಾಂತಿನಿಕೇತನದ ಕಲಾಭವನಕ್ಕೆ ಒಬ್ಬ ಎತ್ತರದ ಹುಡುಗ ಸೇರಿದ. ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ ಅವನ ಮೇಷ್ಟ್ರುಗಳು. ಕೋರ್ಸು ಮುಗಿಸದೆ 1942ರ ಕೊನೆಗೆ ಹುಡುಗ ಕಲ್ಕತ್ತೆಗೆ ವಾಪಸಾದ, ಜಾಹೀರಾತು ಕಂಪನಿಯಲ್ಲಿ ಕೆಲಸ ಹಿಡಿದ, ಆಮೇಲೆ ‘ಪಥೇರ್ ಪಾಂಚಾಲಿ’ ಮಾಡಿದ. ಬಿನೋದ್ ಬಿಹಾರಿ ಮೇಷ್ಟ್ರಿಗೆ ಹುಟ್ಟಿನಿಂದಲೇ ಒಂದು ಕಣ್ಣಿಲ್ಲ, ಇನ್ನೊಂದು ಮಂದ. ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಅದೂ ಹೋಯಿತು. ಅವರು ಕೆಲಸ ಬಿಡಲಿಲ್ಲ. 1972ರಲ್ಲಿ ಸತ್ಯಜಿತ್ ರೇ ಕ್ಯಾಮೆರಾ ತಂದು ಅವರೆದುರು ಇಟ್ಟರು. ಆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರವೇ ‘ದಿ ಇನ್ನರ್ ಐ’.

ಕಪ್ಪು ಕನ್ನಡಕದ ಮೇಷ್ಟ್ರು ಕೂತಿದ್ದಾರೆ. ಕೈ ಕಾಗದವನ್ನು ತಡವಿ ಅದರ ಅಳತೆ ತಿಳಿದುಕೊಳ್ಳುತ್ತದೆ, ಆಮೇಲೆ ಗೆರೆ ಎಳೆಯುತ್ತದೆ. ಕಾಗದ ಕತ್ತರಿಸಿ ಆಕಾರ ಮಾಡುತ್ತದೆ. ಬಿಲ್ಲೆಗಳಲ್ಲಿ ಗೋಡೆಯುದ್ದದ ಭಿತ್ತಿಚಿತ್ರ ಎದ್ದು ನಿಲ್ಲುತ್ತದೆ. ಗೆರೆ ಸರಿಯಾಯಿತೇ ಅಂತ ಹಿಂದೆ ಸರಿದು ನೋಡುವ ಸೌಕರ್ಯ ಆ ಕೈಗಿಲ್ಲ. ನಾನು ನಲವತ್ತು ವರ್ಷದಿಂದ ಪರದೆಯ ಮುಂದೆ ಕೂತು ಕೇಳುತ್ತಿರುವ ಪ್ರಶ್ನೆಯನ್ನು ಅಲ್ಲಿ ಕೇಳಲು ಜಾಗವೇ ಇಲ್ಲ.

ಹಾಗಾದರೆ ಕಲಾಶಾಲೆಯ ವಿದ್ಯಾರ್ಥಿ ಎಲ್ಲಿ? ಕ್ಯಾಮೆರಾ ಹಿಂದೆ ಇದ್ದಾನೆ. ನಮ್ಮ ಕ್ಲಾಸಿನಲ್ಲಿ ನಾನು ಮುಂದೆ, ಮೇಷ್ಟ್ರು ಹಿಂದೆ. ಇಲ್ಲಿ ಅದು ತಿರುವುಮುರುವು. ಅರ್ಧಕ್ಕೆ ಬಿಟ್ಟುಹೋದ ಹುಡುಗ ಮೂವತ್ತು ವರ್ಷದ ಮೇಲೆ ಬಂದು ಮೇಷ್ಟ್ರ ಭುಜದ ಹಿಂದೆ ನಿಂತು ಕೈ ನೋಡುತ್ತಿದ್ದಾನೆ. ತಿದ್ದಲು ಕೈ ಚಾಚುತ್ತಿಲ್ಲ.

ಪಟ್ಟಿ ಮುಂದಿನ ವಾರಕ್ಕಿರಲಿ. ಮಾಲ್ಕೊವಿಚ್‌ನ ತ್ರಿಕೋನ ಎಲ್ಲಿಗೂ ಓಡಿಹೋಗುವುದಿಲ್ಲ.