ಕೊಪಣದ ಪಾದಗಳು ಮತ್ತು ಸಂಶೋಧಕನ ಸಂಯಮ

ಕೊಪಣವು ಮಹಾತೀರ್ಥವೆಂಬ ಮಾತು ಸಮಾಜದಲ್ಲಿ ಶತಮಾನಗಳಿಂದ ನಡೆದುಬಂದಿದೆ. ಆದರೆ ಆ ತೀರ್ಥದ ಕಲ್ಲುಗಳು ಸ್ವತಃ ಏನು ಹೇಳುತ್ತವೆ ಎಂಬುದನ್ನು ವಿದ್ವತ್ ಲೋಕದ ಮುಂದೆ ಇರಿಸಿದ್ದು ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದ ಕೊಪ್ಪಳದ ಶಾಸನಗಳ ಸಂಪುಟ. ಅದು 1935ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಹನ್ನೆರಡನೆಯ ಗ್ರಂಥವಾಗಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕೊಪ್ಪಳವು ಆಗ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಿಗೆ ಸೇರಿತ್ತು.

ಪಾಲ್ಕಿಗುಂಡಿನ ಬೆಟ್ಟದ ಮೇಲೆ ಎರಡು ಪಾದಗಳು, ಅವುಗಳ ಬಳಿ ಹಳಗನ್ನಡದ ಒಂದು ಕಿರುಶಾಸನ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬುದಷ್ಟೇ ಅದರ ವಿಷಯ. ಅದರಲ್ಲಿ ಶಕವರ್ಷವಿಲ್ಲ, ಗುರುಪರಂಪರೆಯಿಲ್ಲ, ಆಚಾರ್ಯರು ಅಲ್ಲಿಯೇ ದೇಹತ್ಯಾಗ ಮಾಡಿದರೆಂಬ ಮಾತೂ ಇಲ್ಲ.

ಡಾ. ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿದ 'ವರಾಂಗಚರಿತ'ದ ಹಿರಿಮೆ ತಿಳಿಯುವುದು ಇಲ್ಲಿಯೇ. ಮೂವತ್ತೊಂದು ಸರ್ಗಗಳ ಆ ಸಂಸ್ಕೃತ ಕಾವ್ಯದೊಳಗೆ ಕವಿಯ ಹೆಸರಿಲ್ಲ. ಜಿನಸೇನರ ಹರಿವಂಶಪುರಾಣವು (ಕ್ರಿ.ಶ. 783) ರವಿಷೇಣರನ್ನು ಸ್ಮರಿಸಿದ ಬೆನ್ನಿಗೇ ವರಾಂಗಚರಿತವನ್ನು ಹೊಗಳುವುದರಿಂದ, ಅದೂ ರವಿಷೇಣರದೇ ಎಂದು ಬಗೆಯಲು ಅವಕಾಶವಾಗಿತ್ತು. ಉಪಾಧ್ಯೆಯವರು ಉದ್ದ್ಯೋತನಸೂರಿಗಳ ಪ್ರಾಕೃತ ಕುವಲಯಮಾಲೆಯನ್ನು (779) ಸಾಕ್ಷಿಗೆ ಕರೆದರು. ಅಲ್ಲಿ ಎರಡು ಕೃತಿಗಳಿಗೆ ಇಬ್ಬರು ಕವಿಗಳು. ವರಾಂಗನ ಕಥೆಗೆ ಜಟಿಲ, ಪದ್ಮಚರಿತಕ್ಕೆ ರವಿಷೇಣ. ಕನ್ನಡದ ಚಾವುಂಡರಾಯಪುರಾಣವು (978) ಜಟಾಸಿಂಹನಂದಿ ಆಚಾರ್ಯರ ಹೆಸರನ್ನು ಪೂರ್ಣವಾಗಿ ಕೊಡುತ್ತದೆ. ಸಂಸ್ಕೃತ, ಪ್ರಾಕೃತ, ಕನ್ನಡ ಈ ಮೂರನ್ನೂ ಬಲ್ಲವರಿಗಲ್ಲದೆ ಈ ಗಂಟು ಬಿಚ್ಚುವುದು ಕಷ್ಟವಿತ್ತು. ಕೊಪ್ಪಳದ ಪಾದಗಳನ್ನು ಕವಿಯೊಡನೆ ಸೇರಿಸುವ ವಾದ ಇಷ್ಟಾದ ಮೇಲೆ ಬರುತ್ತದೆ. ಅದಕ್ಕೆ ಆಧಾರ ಹೆಸರಿನ ಸಾಮ್ಯ ಮತ್ತು ಸ್ಥಳದ ಮಹಿಮೆ. ಊಹೆ ಬಲವಾದದ್ದು, ಆದರೂ ಊಹೆಯೇ.

ಅನಂತರದ ಬರಹಗಳಲ್ಲಿ, ವಿಶೇಷವಾಗಿ ಸ್ಮರಣ ಸಂಚಿಕೆಗಳಲ್ಲಿ, ಈ ಎಚ್ಚರಿಕೆ ಕರಗಿಹೋಗುತ್ತದೆ. ಆಚಾರ್ಯರು ಕೊಪಣದಲ್ಲಿಯೇ ಸಮಾಧಿಮರಣ ಹೊಂದಿದರೆಂದು ನಿಸ್ಸಂಶಯವಾಗಿ ಬರೆಯುವ ಲೇಖನಗಳು ಶಾಸನದಲ್ಲಿಲ್ಲದ್ದನ್ನು ಶಾಸನದ ಬಾಯಲ್ಲಿ ಆಡಿಸುತ್ತವೆ. 'ಸ್ಯಾತ್' ಎಂಬ ಪದವನ್ನು ತರ್ಕಕ್ಕೆ ಕೊಟ್ಟ ಪರಂಪರೆಯವರಿಗೆ ಇದು ಶೋಭಿಸದು. ಇಂಥ ಅಲಂಕಾರದ ಅಗತ್ಯವಾದರೂ ಏನು? ಕ್ರಿ.ಶ. 881ರ ಇನ್ನೊಂದು ಕೊಪ್ಪಳ ಶಾಸನವು ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಊರಿಗೆ ಆಗಮವನ್ನು ಬೋಧಿಸಿ, ದೀರ್ಘಕಾಲ ತಪಸ್ಸು ಮಾಡಿ, ಸನ್ಯಸನದಿಂದ ಮುಡಿಪಿದರೆಂದು ಸ್ಪಷ್ಟವಾಗಿಯೇ ತಿಳಿಸುತ್ತದೆ. ಕಲ್ಲೇ ನುಡಿದಿರುವ ಈ ಮುನಿಗಳ ಕುರಿತು ಸಂಚಿಕೆಗಳಲ್ಲಿ ಬರುವ ಮಾತು ಅತ್ಯಲ್ಪ.

ಸಂಶೋಧನೆಯಲ್ಲಿಯೂ ಕೊರತೆಯಿದೆ. 1935ರ ಸಂಪುಟವಾಗಲಿ, ಪಿ. ಬಿ. ದೇಸಾಯಿಯವರ 1957ರ ಮಹತ್ವದ ಗ್ರಂಥವಾಗಲಿ ಇಂಗ್ಲಿಷ್ ಬಲ್ಲವರಿಗಷ್ಟೇ ಎಟುಕಿದವು. ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಲ್ಲಿ ಕೊಪ್ಪಳ ಜಿಲ್ಲೆಯದೂ ಸೇರಿರುವುದರಿಂದ ಆ ನೆಪ ಈಗ ಉಳಿದಿಲ್ಲ. ಆದರೂ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಬಸದಿಗಳ ಅವಶೇಷ ಮತ್ತು ನಿಸಿದಿಗಲ್ಲುಗಳಿಗೆ ಕೊಪಣದ ಪಾದಗಳಿಗೆ ದೊರೆತಂಥ ತಾಳ್ಮೆಯ ಓದು ಇನ್ನೂ ದೊರೆಯಬೇಕಾಗಿದೆ.

ಬಸದಿಯ ಟ್ರಸ್ಟುಗಳು ಇದರಲ್ಲಿ ಮಾಡಬಹುದಾದುದು ಬಹಳಿದೆ. ಜೀರ್ಣೋದ್ಧಾರಕ್ಕೆ ಮೊದಲು ಅಕ್ಷರವಿರುವ ಕಲ್ಲಿನ ಪಡಿಯಚ್ಚನ್ನು ತಜ್ಞರಿಂದ ತೆಗೆಸುವುದು, ಅಕ್ಷರಗಳ ಮೇಲೆ ಸುಣ್ಣ, ಎಣ್ಣೆಬಣ್ಣ ಬೀಳದಂತೆ ನೋಡಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಪಾಲ್ಕಿಗುಂಡಿನಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಬಹುಪಾಲು ಅಕ್ಷರಗಳು ಮಳೆಗಾಳಿಗೆ ಸವೆದುಹೋಗಿವೆ. ಚಾವಯ್ಯನ ಬರಹವೂ ಅದೇ ಬೆಟ್ಟದ ಮೇಲಿದೆ.