ಬೆಂಕಿಯ ಸಾಕ್ಷಿ ಕೇಳುವ ಕಡ್ಡಿ

ಮಿನ್ನೆಸೋಟದ ಜನವರಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಕಾರು ರಿಪೇರಿ ಗ್ಯಾರೇಜಿನ ಸೂರಿಗೆ ತೂಗುಹಾಕಿದ ಗ್ಯಾಸ್ ಹೀಟರ್ ಹೊತ್ತಿಕೊಳ್ಳುತ್ತದೆ, ಐದಾರು ಸೆಕೆಂಡಿಗೆ ಆರಿಹೋಗುತ್ತದೆ. ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಇಂಥ ಹೊತ್ತಿನಲ್ಲಿ ಏಣಿ ಹತ್ತುವ ಮೆಕ್ಯಾನಿಕ್‌ನ ತಾಳ್ಮೆ ನನಗೆ ಬಲು ಇಷ್ಟ.

ಪಳಗಿದವನು ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ನಿಂತು ನೋಡುತ್ತಾನೆ, ಕಿವಿಗೊಡುತ್ತಾನೆ. ಥರ್ಮೋಸ್ಟಾಟ್ ಶಾಖ ಕೇಳಿತೇ? ಹೊಗೆ ಎಳೆಯುವ ಸಣ್ಣ ಫ್ಯಾನ್ ತಿರುಗಿತೇ? ಪ್ರೆಷರ್ ಸ್ವಿಚ್ ಒಪ್ಪಿತೇ? ಕಿಡಿ ಹಾರಿತೇ, ವಾಲ್ವ್ ತೆರೆಯಿತೇ? ಸರಪಳಿ ಎಲ್ಲಿ ಕಡಿಯಿತೋ ಅಲ್ಲಿಂದ ಹುಡುಕಾಟ.

ಹೊತ್ತಿ ಆರಿದರೆ ಮೊದಲ ಅನುಮಾನ ಫ್ಲೇಮ್ ಸೆನ್ಸರ್ ಮೇಲೆ. ಬೆಂಕಿಯೊಳಗೆ ನಿಂತ ಬರಿಯ ಲೋಹದ ಕಡ್ಡಿ ಅದು. ಜ್ವಾಲೆ ವಿದ್ಯುತ್ತನ್ನು ಒಯ್ಯುತ್ತದೆ, ಅದೂ ಒಂದೇ ದಿಕ್ಕಿಗೆ ಹೆಚ್ಚಾಗಿ. ಹಾಗೆ ಕೆಲವೇ ಮೈಕ್ರೋ ಆಂಪಿಯರ್ ಹರಿದರೆ, ಬೆಂಕಿ ಇದೆಯೆಂದು ಕಂಟ್ರೋಲ್ ಬೋರ್ಡ್ ನಂಬುತ್ತದೆ. ಕಡ್ಡಿಗೆ ತೆಳುವಾದ ಪದರ ಕಟ್ಟಿದರೂ ಸಾಕು, ಆ ನಂಬಿಕೆ ಹೋಗಿ ಗ್ಯಾಸ್ ಬಂದಾಗುತ್ತದೆ. ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಿದರೆ ಮತ್ತೆ ಸ್ಥಿರವಾಗಿ ಉರಿಯುತ್ತದೆ. ಉರಿವ ಬೆಂಕಿಯನ್ನೇ ತಂತಿಯಾಗಿ ಬಳಸಿದ ಈ ಯುಕ್ತಿ ನೆನೆದಾಗಲೆಲ್ಲ ನನಗೆ ರೋಮಾಂಚನ.

ಅಲ್ಲಿಗೇ ಕೆಲಸ ಮುಗಿಯಲಿಲ್ಲ. ಮ್ಯಾನೋಮೀಟರ್ ಹಚ್ಚಿ ಗ್ಯಾಸಿನ ಒತ್ತಡ ಅಳೆಯಬೇಕು. ನ್ಯಾಚುರಲ್ ಗ್ಯಾಸಿಗೆ ಬರ್ನರ್ ಕಡೆ ಸಾಮಾನ್ಯವಾಗಿ 3.5 ಇಂಚು ನೀರಿನ ಕಂಬದಷ್ಟು. ಟಾರ್ಚ್ ಹಿಡಿದು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿರುಕು ಹುಡುಕಬೇಕು. ಬಿರುಕಿದ್ದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು. ಆಗ ಎಷ್ಟೇ ಚಳಿಯಿರಲಿ, ಮಾಲೀಕ ಎಷ್ಟೇ ಬೇಡಿಕೊಳ್ಳಲಿ, ಮೆಕ್ಯಾನಿಕ್ ಗ್ಯಾಸ್ ಬಂದ್ ಮಾಡಿಯೇ ಏಣಿ ಇಳಿಯುತ್ತಾನೆ.