ಎರಡನೆಯ ಪಿಟೀಲು

2013ರ ದೀಪಾವಳಿಗೆ ನಮ್ಮ ಕನ್ನಡ ಕೂಟ ತಂದ ಸಂಚಿಕೆಯಲ್ಲಿ ನಾನೊಂದು ಪುಟ್ಟ ವಿಮರ್ಶೆ ಬರೆದಿದ್ದೆ. ಮ್ಯಾಸಚೂಸೆಟ್ಸ್‌ನ ನಮ್ಮ ಊರಿನಲ್ಲಿ ಪ್ರತಿ ಬೇಸಿಗೆಯೂ ನುಡಿಸುವ ಒಂದು ಜೋಡಿಯ ಬಗ್ಗೆ ಅದು. ಗಿಟಾರು ಹಿಡಿದು ಹಾಡುವವರು ಒಬ್ಬರು, ಪಿಟೀಲು ನುಡಿಸುತ್ತಾ ದನಿಗೂಡಿಸುವ ಹೆಂಗಸು ಒಬ್ಬರು. 'ಈ ವರ್ಷ ಪಿಟೀಲಿನ ನಾದ ಮಂಕಾಗಿದೆ, ವಯಸ್ಸು ಬೆರಳಿಗೂ ಬಂದಂತಿದೆ' ಎಂದು ಅದರಲ್ಲೊಂದು ವಾಕ್ಯವಿತ್ತು. ಬರೆದಾಗ ನನಗೆ ಆ ವಾಕ್ಯದ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು. ನಾದ ಮಂಕಾಗಿದ್ದು ನಿಜ. ಕಾರಣ ಪೂರ್ತಿ ತಪ್ಪು. ತಪ್ಪೆಂದು ತಿಳಿಯಲು ಮೂರು ವರ್ಷ ಹಿಡಿಯಿತು. ತಿದ್ದಿ ಬರೆಯಲು ಇಷ್ಟು ಕಾಲ ಯಾಕೆ ಬೇಕಾಯಿತು ಎಂಬುದಕ್ಕೆ ಕಾರಣ ಬೇರೆ ಇದೆ, ಅದನ್ನೂ ಹೇಳುತ್ತೇನೆ.

ಊರಿನಲ್ಲಿರುವ ಓದುಗರಿಗೆ ಮೊದಲು ಜಾಗದ ಪರಿಚಯ ಮಾಡಿಸಬೇಕು. ನ್ಯೂ ಇಂಗ್ಲೆಂಡಿನ ಹಳೆಯ ಊರುಗಳ ನಡುವೆ 'ಕಾಮನ್' ಎಂಬ ಹುಲ್ಲಿನ ಬಯಲಿರುತ್ತದೆ. ಒಂದು ಕಾಲದಲ್ಲಿ ಊರವರ ದನಗಳು ಮೇಯುತ್ತಿದ್ದ ಗೋಮಾಳ ಅದು. ಅದರ ಮೇಲೆ ಎಂಟು ಮೂಲೆಯ ಒಂದು ಮರದ ಮಂಟಪ, ಅದೇ ಬ್ಯಾಂಡ್‌ಸ್ಟ್ಯಾಂಡ್. ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಬುಧವಾರದ ಸಂಜೆ ಆರೂವರೆಗೆ ಉಚಿತ ಸಂಗೀತ. ಜನ ಮಡಚುವ ಕುರ್ಚಿ, ಕಂಬಳಿ, ಸೊಳ್ಳೆಯ ಮೇಣದಬತ್ತಿ ಎಲ್ಲ ಹೊತ್ತು ತರುತ್ತಾರೆ. ಮಳೆ ಬಂದರೆ ಶಾಲೆಯ ಸಭಾಂಗಣ. ಜೂನ್‌ನಲ್ಲಿ ಕಚೇರಿ ಮುಗಿದ ಮೇಲೂ ಬಿಸಿಲು ಇರುತ್ತದೆ, ಆಗಸ್ಟ್ ಕೊನೆಗೆ ಕಡೆಯ ಹಾಡಿಗೆ ಮುಂಚೆಯೇ ಕತ್ತಲು. ಇಷ್ಟು ಚಿಕ್ಕ ಬೇಸಿಗೆಯನ್ನು ನಾವು ಮೈಸೂರಿನವರು ಬೇಸಿಗೆ ಎಂದು ಒಪ್ಪಿಕೊಳ್ಳಲು ಕೆಲವು ವರ್ಷ ಬೇಕಾಗುತ್ತದೆ.

ಬೇಸಿಗೆಯ ಬಯಲು ಕಚೇರಿ ನಮಗೆ ಹೊಸತಲ್ಲ. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳು ನಡೆದ ಕಾಲದಲ್ಲಿ ಚಪ್ಪರದ ಒಳಗೆ ಟಿಕೆಟ್ ಕೊಂಡವರು ಕೂತರೆ, ಹೊರಗೆ ರಸ್ತೆ ಬದಿಯಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೇಳಿದವರು ಎಷ್ಟೋ ಮಂದಿ. ನಾನು ಆ ಹೊರಗಿನವರ ಪೈಕಿ. ಆದರೆ ಅಲ್ಲಿ ಚಪ್ಪರದೊಳಗೆ ಕೂತವರು ದೇಶದ ಘಟಾನುಘಟಿಗಳು. ಇಲ್ಲಿನ ಮಂಟಪದಲ್ಲಿ ಕೂತವರು ನಾಳೆ ಬೆಳಗ್ಗೆ ಕೆಲಸಕ್ಕೆ ಹೋಗುವ ಊರಿನವರೇ. ಈ ಜೋಡಿಯಲ್ಲಿ ಗಿಟಾರಿನವರು ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದರು, ಪಿಟೀಲಿನಾಕೆ ನರ್ಸ್. ಗಂಡ ಹೆಂಡತಿ ಅಲ್ಲ. ಹಾಗೆಂದುಕೊಂಡು ಯಾರಾದರೂ ಕೇಳಿದರೆ ಇಬ್ಬರೂ ಒಟ್ಟಿಗೇ ನಗುತ್ತಾರೆ. 2002ರಲ್ಲಿ ನಾನು ಮೊದಲು ಕೇಳಿದಾಗಲೇ ಅವರ ಜೋಡಿಗೆ ಹತ್ತು ವರ್ಷ ದಾಟಿತ್ತು. ಬುಧವಾರ ಇಲ್ಲಿ, ಶನಿವಾರ ಬೆಳಗ್ಗೆ ರೈತರ ಸಂತೆಯಲ್ಲಿ, ನಡುವೆ ಯಾವುದೋ ಗ್ರಂಥಾಲಯದ ಅಂಗಳ, ವೃದ್ಧಾಶ್ರಮ, ಸೆಪ್ಟೆಂಬರ್ ಬಂದರೆ ಸೇಬಿನ ತೋಟ. ಸ್ಪೀಕರು, ಅದರ ಕಾಲು, ವೈರಿನ ಸುರುಳಿ ಎಲ್ಲವನ್ನೂ ಅವರೇ ಹೊತ್ತು ಇಳಿಸಬೇಕು. ಒಂದೂವರೆ ಗಂಟೆಯ ಹಾಡಿಗೆ ಮೂರು ಗಂಟೆಯ ಹಮಾಲಿ.

ಇಂಥವರನ್ನು ವಿಮರ್ಶಿಸುವುದು ಹೇಗೆ? ಎರಡು ಸುಲಭದ ದಾರಿಗಳಿವೆ. ಒಂದು, 'ಪಾಪ, ಊರಿನವರು, ಚೆನ್ನಾಗಿಯೇ ಮಾಡುತ್ತಾರೆ' ಎಂದು ಬೆನ್ನು ತಟ್ಟುವುದು. ಇನ್ನೊಂದು, ಧ್ವನಿಮುದ್ರಿಕೆಯ ಪಕ್ಕ ನಿಲ್ಲಿಸಿ ಕುಂದು ಎಣಿಸುವುದು. ನಾನು ಹನ್ನೊಂದು ವರ್ಷ ಮೊದಲನೆಯದನ್ನು ಮಾಡಿ, ಆಮೇಲೆ ಎರಡನೆಯದಕ್ಕೆ ಇಳಿದೆ.

ಕುಂದುಗಳಿಗೇನೂ ಕೊರತೆಯಿಲ್ಲ, ಈಗಲೂ ಹೇಳುತ್ತೇನೆ. ಗಿಟಾರಿನವರ ಜೋಕುಗಳು ನನ್ನ ಮಗಳಿಗೆ ಬಾಯಿಪಾಠ. ಹಾಡುಗಳ ಪಟ್ಟಿ ಇಪ್ಪತ್ತು ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಇಬ್ಬರೂ ಹಾಡುವಾಗ ಆಕೆಯ ದನಿ ಯಾವಾಗಲೂ ಮೂರನೆಯ ಸ್ವರದ ಅಂತರದಲ್ಲೇ ಜೊತೆಗೆ ನಡೆಯುತ್ತದೆ. ಎವರ್ಲಿ ಸಹೋದರರು ಆ ಅಂತರವನ್ನೇ ಒಂದು ಕಲೆ ಮಾಡಿದರು, ಇಲ್ಲಿ ಅದು ಹಲವು ಸಲ ಬರೀ ರೂಢಿ. ಮಕ್ಕಳು ಕುಣಿಯಲು ಬಂದರೆ ಕಾಲ ಓಡುತ್ತದೆ, ಹಿಡಿದು ನಿಲ್ಲಿಸುವವರಿಲ್ಲ.

ಆದರೆ ಅವರು ಬಲ್ಲದ್ದು ಒಂದಿದೆ. ಅವರು ಸಾಲು ಹಾಡುವಾಗ ಆಕೆ ನುಡಿಸುವುದಿಲ್ಲ. ಕಮಾನು ತಂತಿಯ ಮೇಲೆಯೇ ಇರುತ್ತದೆ, ಚಲಿಸುವುದಿಲ್ಲ. ಸಾಲಿನ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗ ಅದೇ ಸ್ವರವನ್ನು ಪಿಟೀಲು ಕೈಗೆತ್ತಿಕೊಳ್ಳುತ್ತದೆ. ಎಲ್ಲಿ ದನಿ ಮುಗಿಯಿತು, ಎಲ್ಲಿ ತಂತಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ನಮ್ಮ ಪಕ್ಕವಾದ್ಯದ ಪಿಟೀಲಿನವರು ಗಾಯಕರ ನೆರಳಿನಂತೆ ಜೊತೆಗೇ ಸಾಗುತ್ತಾರೆ. ಇದು ಆ ಬಗೆಯದಲ್ಲ. ನನಗೆ ಇದು ಗಮಕ ವಾಚನವನ್ನು ನೆನಪಿಸುತ್ತದೆ. ಹೊಸಹಳ್ಳಿಯ ಕೇಶವಮೂರ್ತಿಗಳು ಕುಮಾರವ್ಯಾಸನನ್ನು ವಾಚಿಸಿ, ಮತ್ತೂರಿನ ಮಾರ್ಕಂಡೇಯ ಅವಧಾನಿಗಳು ವ್ಯಾಖ್ಯಾನ ಮಾಡುವುದನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾದೀತು. ತುಂಗೆಯ ಆ ದಡದ ಊರಿನವರೊಬ್ಬರು, ಈ ದಡದವರೊಬ್ಬರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ, ಆದರೆ ಆ ಸುಮ್ಮನಿರುವಿಕೆ ವಿಶ್ರಾಂತಿಯಲ್ಲ. ಮುಂದಿನ ಪದ್ಯವನ್ನು ಯಾವ ರಾಗದಲ್ಲಿ, ಯಾವ ಭಾವದಲ್ಲಿ ಎತ್ತಿಕೊಳ್ಳಬೇಕೆಂಬುದು ಆ ಹೊತ್ತಿನಲ್ಲೇ ನಿಶ್ಚಯವಾಗುತ್ತದೆ. ಇಂಥ ಕಾಯುವಿಕೆ ಒಂದೆರಡು ವರ್ಷದಲ್ಲಿ ಬರುವುದಿಲ್ಲ.

ಈಗ 2013ಕ್ಕೆ ಬರೋಣ. ಆ ಬೇಸಿಗೆ ಮಂಟಪದ ಮೇಲೆ ಎರಡು ಪಿಟೀಲುಗಳು ಕಂಡವು. ಒಂದು ಆಕೆಯ ಕೈಯಲ್ಲಿ, ಇನ್ನೊಂದು ಪಕ್ಕದ ಸ್ಟ್ಯಾಂಡಿನ ಮೇಲೆ. ಕೈಯಲ್ಲಿದ್ದದ್ದರ ನಾದ ಮಂದ, ತುಸು ಗೊಗ್ಗರು. ಬಯಲಿನ ಹಿಂದಿನ ಸಾಲಿಗೆ ಸರಿಯಾಗಿ ತಲುಪುತ್ತಲೂ ಇರಲಿಲ್ಲ. ಕಡೆಯ ಬುಧವಾರ ಮಾತ್ರ, ಕೊನೆಯ ಒಂದೇ ಒಂದು ರಚನೆಗೆ, ಸ್ಟ್ಯಾಂಡಿನ ಮೇಲಿನ ಪಿಟೀಲು ಕೆಳಗಿಳಿಯಿತು. ಅದು ಪ್ರತಿ ವರ್ಷ ಬೇಸಿಗೆಯನ್ನು ಮುಗಿಸಲು ಅವರು ನುಡಿಸುವ 'ಅಶೋಕನ್ ಫೇರ್‌ವೆಲ್'. ಕೆನ್ ಬರ್ನ್ಸ್ 1990ರಲ್ಲಿ ಅಂತರ್ಯುದ್ಧದ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಬಳಸಿದ್ದರಿಂದ ಇದು ಆ ಯುದ್ಧಕಾಲದ ಧಾಟಿ ಎಂದೇ ಹಲವು ಅಮೆರಿಕನ್ನರು ನಂಬಿದ್ದಾರೆ. ಅಲ್ಲ. ಜೇ ಅಂಗರ್ 1982ರಲ್ಲಿ ಕಟ್ಟಿದ್ದು, ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಅವರು ನಡೆಸುತ್ತಿದ್ದ ಬೇಸಿಗೆ ಶಿಬಿರ ಮುಗಿದು ಎಲ್ಲರೂ ಊರಿಗೆ ಹೋದ ಬೇಸರದಲ್ಲಿ. ಮಾಲಿ ಮೇಸನ್ ಎಂಬ ಗಿಟಾರ್ ವಾದಕಿ ಅವರ ಜೋಡಿ, ಹೆಂಡತಿ ಕೂಡ. ನಮ್ಮ ಕಿವಿಗೆ ಸ್ವರಗಳು ಶಂಕರಾಭರಣದವೇ, ಗಮಕವಿಲ್ಲದೆ, ಮೂರರ ನಡೆಯಲ್ಲಿ. ಆ ಸಂಜೆ ಪಿಟೀಲು ಗಂಟೆಯಂತೆ ಮೊಳಗಿತು. 'ಕಡೆಯ ಐದು ನಿಮಿಷ ಮಾತ್ರ ಆಕೆ ಎಚ್ಚೆತ್ತರು' ಎಂದು ನಾನು ಬರೆದೆ. ಎರಡು ವಾದ್ಯಗಳು ಕಣ್ಣೆದುರಿಗೇ ಇದ್ದವು, ಯಾಕೆ ಎಂದು ಕೇಳಿಕೊಳ್ಳಲಿಲ್ಲ. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಲೋಪವಿಲ್ಲ.

2016ರಲ್ಲಿ ಮಳೆ ಬಂದು ಕಚೇರಿ ಶಾಲೆಗೆ ಹೋಯಿತು. ಸ್ವಯಂಸೇವಕನಾಗಿ ಸಾಮಾನು ಹೊರುತ್ತಿದ್ದ ನಾನು ಎರಡು ಪೆಟ್ಟಿಗೆಗಳನ್ನು ಅದಲುಬದಲು ಮಾಡಿಟ್ಟೆ. ಆಕೆ ನಗುತ್ತಾ ತಿದ್ದಿದರು: ಅದು ಇವನಿಗೆ, ಇದು ನನಗೆ. ಕೇಳಿದ್ದಕ್ಕೆ ವಿವರಿಸಿದರು. ಗೆಳೆಯರ ಕಂಠ ಇಳಿದಿತ್ತು. ಮೊದಲು ಹೆಚ್ಚಿನ ಹಾಡುಗಳು ಡಿ ಶ್ರುತಿಯಲ್ಲಿದ್ದವು, ಅಂದರೆ ನಮ್ಮ ಎರಡು ಮನೆ. ಈಗ ಸಿ, ಅಂದರೆ ಒಂದು ಮನೆ. ಗಿಟಾರಿನವರಿಗೆ ಇದು ಕ್ಷಣದ ಕೆಲಸ; ಗಿಟಾರಿನ ಕುತ್ತಿಗೆಗೆ ಸಿಕ್ಕಿಸುತ್ತಿದ್ದ ಕೇಪೋ ಎಂಬ ಹಿಡಿಕೆಯನ್ನು ತೆಗೆದುಬಿಟ್ಟರೆ ಅದೇ ಬೆರಳಿನ ಹಿಡಿತದಲ್ಲಿ ಎರಡು ಮೆಟ್ಟಿಲು ಕೆಳಗೆ. ಪಿಟೀಲಿಗೆ ಹಾಗಲ್ಲ. ಇಲ್ಲಿನ ಜಾನಪದ ಪಿಟೀಲಿನ ಜೀವವಿರುವುದು ಬೆರಳಿಡದ ಬಿಡಿ ತಂತಿಯಲ್ಲಿ. ಜಿ, ಡಿ, ಎ, ಇ ಎಂದು ಶ್ರುತಿ ಮಾಡಿದ ತಂತಿಗಳಲ್ಲಿ ಒಂದರ ಮೇಲೆ ಬೆರಳಾಡುವಾಗ ಪಕ್ಕದ್ದು ತಂಬೂರಿಯಂತೆ ಮಿಡಿಯುತ್ತಿರುತ್ತದೆ. ಡಿ ಶ್ರುತಿಗೆ ಷಡ್ಜವೂ ಪಂಚಮವೂ ಬಿಡಿ ತಂತಿಯಲ್ಲೇ ಸಿಗುತ್ತವೆ. ಸಿ ಶ್ರುತಿಗೆ ಬಂದರೆ ಷಡ್ಜದ ತಂತಿಯೇ ಇಲ್ಲ.

ನಮ್ಮಲ್ಲಾದರೆ ಇದು ಸಮಸ್ಯೆಯೇ ಅಲ್ಲ. ಗಾಯಕರ ಶ್ರುತಿ ಯಾವುದೋ ಅದಕ್ಕೆ ಪಿಟೀಲಿನವರು ಬಿರಡೆ ತಿರುಗಿಸಿ ಕೂರುತ್ತಾರೆ. ಕಚೇರಿ ಪೂರ್ತಿ ಒಂದೇ ಷಡ್ಜ. ಇಲ್ಲಿ ಹಾಡಿನಿಂದ ಹಾಡಿಗೆ ಶ್ರುತಿ ಬದಲಾಗುತ್ತದೆ, ಪಿಟೀಲು ಮಾತ್ರ ಇದ್ದಲ್ಲೇ ಇರಬೇಕು. ಆಕೆ ಕಂಡುಕೊಂಡ ಉಪಾಯ, ಇನ್ನೊಂದು ಪಿಟೀಲನ್ನು ಪೂರ್ತಿ ಒಂದು ಸ್ವರ ಇಳಿಸಿ ಇಟ್ಟುಕೊಳ್ಳುವುದು. ಬೆರಳು ಡಿ ಎಂದುಕೊಂಡೇ ನುಡಿಸುತ್ತದೆ, ಹೊರಡುವುದು ಸಿ. ಬಿಡಿ ತಂತಿಗಳು ಉಳಿದವು. ಆದರೆ ಸಡಿಲಾದ ತಂತಿ ಕಮಾನಿಗೆ ಸರಿಯಾಗಿ ಕಚ್ಚುವುದಿಲ್ಲ, ನಾದದ ಹೊಳಪು ಹೋಗುತ್ತದೆ. ನಾನು ವಯಸ್ಸು ಎಂದು ಓದಿದ್ದು ಈ ಸಡಿಲವನ್ನು. ವಯಸ್ಸಾದದ್ದು ಆಕೆಯ ಬೆರಳಿಗಲ್ಲ, ಅವರ ಕಂಠಕ್ಕೆ. ಅದು ಅವರ ಕಂಠದಲ್ಲಿ ಕೇಳದ ಹಾಗೆ ಆಕೆ ತನ್ನ ವಾದ್ಯದ ಮೇಲೆ ಹಾಕಿಕೊಂಡಿದ್ದರು. ಕಂಠವಿಲ್ಲದ ಒಂದೇ ರಚನೆಗೆ ತನ್ನ ಹಳೆಯ ಪಿಟೀಲನ್ನು ಎತ್ತಿಕೊಳ್ಳುತ್ತಿದ್ದರು.

ಮೈಕಿಲ್ಲದ ಕಾಲದಲ್ಲಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಮೈಸೂರಿನ ಟಿ. ಚೌಡಯ್ಯನವರು ಮೂರು ತಂತಿ ಸೇರಿಸಿ ಪಿಟೀಲನ್ನು ಏಳು ತಂತಿಯದ್ದಾಗಿ ಮಾಡಿಕೊಂಡದ್ದನ್ನು ನಾವು ಸಂಗೀತದ ಇತಿಹಾಸವೆಂದು ಹೇಳಿಕೊಳ್ಳುತ್ತೇವೆ. ಅಷ್ಟು ದೊಡ್ಡ ಸಾಧನೆಯ ಪಕ್ಕ ಇದನ್ನಿಡುತ್ತಿಲ್ಲ. ಆದರೂ ಚೌಡಯ್ಯನವರು ತಮ್ಮ ದನಿ ಮುಂದೆ ಹೋಗಲೆಂದು ವಾದ್ಯವನ್ನು ಬದಲಾಯಿಸಿದರು, ಈಕೆ ತನ್ನ ದನಿ ಹಿಂದೆ ಸರಿಯುತ್ತದೆಂದು ಗೊತ್ತಿದ್ದೇ ಬದಲಾಯಿಸಿದರು. ಎರಡನೆಯದು ಧ್ವನಿಮುದ್ರಿಕೆಯಲ್ಲಿ ಸಿಗುವುದಿಲ್ಲ. ಹತ್ತು ಬೇಸಿಗೆ ಕೇಳಿದವನಿಗೆ ಮಾತ್ರ ಕೇಳುತ್ತದೆ, ಅವನಿಗೂ ನನ್ನಂತೆ ತಪ್ಪಾಗಿ ಕೇಳಬಹುದು.

ಇನ್ನು ತಡವಾದ ಕಾರಣ. ನಾನು ಹಾರ್ಮೋನಿಯಂ ನುಡಿಸುತ್ತೇನೆ. ಕೂಟದ ಹಿರಿಯರೊಬ್ಬರು ಭಾವಗೀತೆ ಹಾಡುತ್ತಿದ್ದರು. ಹಾಸನದ ಕಡೆಯವರು, ನಮಗೆಲ್ಲ ಅಣ್ಣ. ಹದಿನಾಲ್ಕು ವರ್ಷ ನಮ್ಮದೂ ಒಂದು ಜೋಡಿ. ಯುಗಾದಿ, ದೀಪಾವಳಿ, ಮತ್ತೆ ಜುಲೈನ ಪಿಕ್ನಿಕ್ಕಿನಲ್ಲಿ ಪಾರ್ಕಿನ ಸೂರಿನಡಿ, ಫಾಯಿಲ್ ಟ್ರೇಗಳಲ್ಲಿ ಬಿಸಿಬೇಳೆಬಾತು ಆರುತ್ತಿರುವಾಗ ಮೈಸೂರು ಅನಂತಸ್ವಾಮಿಯವರ ಧಾಟಿಗಳು. 2012ರಲ್ಲಿ ಒಂದು ಅಭ್ಯಾಸದ ಸಂಜೆ ಅಣ್ಣ ಕೇಳಿದರು, 'ಎರಡು ಮನೆ ಕಷ್ಟ ಆಗ್ತಿದೆ ಕಣಪ್ಪಾ, ಒಂದಕ್ಕೆ ಇಳಿಸಿಕೊಳ್ಳೋಣ್ವಾ?' ನಾನು, 'ಹಾಡಿನ ಬಣ್ಣವೇ ಹೋಗಿಬಿಡುತ್ತಲ್ಲ ಅಣ್ಣಾ' ಅಂದೆ. ಬಣ್ಣದ ಮಾತು ಸುಳ್ಳು. ನನ್ನ ಬೆರಳಿಗೆ ಎರಡು ಮನೆಯ ಅಭ್ಯಾಸ. ಒಂದಕ್ಕೆ ಬಂದರೆ ಕಪ್ಪು ಮನೆ ಬಿಳಿ ಮನೆಗಳೆಲ್ಲ ಹೊಸದಾಗಿ ಕಲಿಯಬೇಕು. ಅಷ್ಟೇ. ಅಣ್ಣ ಆ ಯುಗಾದಿಗೆ ತಾರಸ್ಥಾಯಿಯಲ್ಲಿ ದನಿ ಒಡೆದುಕೊಂಡರು, ಆಮೇಲೆ ಹಾಡಲಿಲ್ಲ. ಮರುವರ್ಷದಿಂದ ಕೂಟದಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುವ ಪದ್ಧತಿ ಬಂತು. ಟ್ರ್ಯಾಕಿನ ಶ್ರುತಿಯನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಇಳಿಸಬಹುದು, ಯಾರ ಬೆರಳಿಗೂ ಶ್ರಮವಿಲ್ಲ. ನನ್ನ ಹಾರ್ಮೋನಿಯಂ ನೆಲಮಾಳಿಗೆಗೆ ಹೋಯಿತು.

ಟ್ರ್ಯಾಕನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಅಮೆರಿಕದಲ್ಲಿ ಈ ಜಗಳ ಹಳೆಯದು. ಗ್ರಾಮಫೋನು ನಮ್ಮ ಅನ್ನ ಕಸಿಯುತ್ತಿದೆ ಎಂದು ಇಲ್ಲಿನ ಸಂಗೀತಗಾರರ ಸಂಘ 1942ರಲ್ಲೂ 1948ರಲ್ಲೂ ಮುದ್ರಣವನ್ನೇ ಬಹಿಷ್ಕರಿಸಿತ್ತು. ಆ ರಾಜಿಯಿಂದ 1948ರಲ್ಲಿ ಒಂದು ನಿಧಿ ಹುಟ್ಟಿತು: ಮುದ್ರಿಕೆಯ ಕಂಪನಿಗಳು ಹಣ ಕೊಡಬೇಕು, ಆ ಹಣದಿಂದ ಉದ್ಯಾನಗಳಲ್ಲಿ, ಆಸ್ಪತ್ರೆಗಳಲ್ಲಿ ಉಚಿತವಾಗಿ ಎದುರುಗಡೆಯ ಸಂಗೀತ ನಡೆಯಬೇಕು. ಆ ನಿಧಿ ಇಂದಿಗೂ ಇದೆ. ನಮ್ಮ ಕೂಟದಲ್ಲಿ ಬೆಂಗಳೂರಿನಿಂದ ಬರುವ ಅತಿಥಿ ಕಲಾವಿದರ ವಿಮಾನದ ಟಿಕೆಟ್ಟಿಗೆ ಹಣವಿರುತ್ತದೆ. ಊರಿನ ಜೋಡಿಗೆ ಸಿಗುವುದು ಅತಿಥಿಗಳು ಬರುವುದು ತಡವಾದಾಗಿನ ಇಪ್ಪತ್ತು ನಿಮಿಷ. ಹೀಗಿದ್ದರೂ ಅಣ್ಣನ ವಿಷಯದಲ್ಲಿ ಟ್ರ್ಯಾಕನ್ನು ದೂರುವ ಹಕ್ಕು ನನಗಿಲ್ಲ.

ಕಳೆದ ಆಗಸ್ಟಿನ ಕಡೆಯ ಬುಧವಾರ ಗಿಟಾರಿನವರು ಎರಡು ಹಾಡುಗಳನ್ನು ಕೂತೇ ಹಾಡಿದರು. ಜೋಕು ಹಳೆಯದೇ. ಮೇಲಿನ ಒಂದು ಸ್ವರಕ್ಕೆ ಅವರ ದನಿ ತಲುಪುವುದಿಲ್ಲವೆಂದು ನನಗೆ ಅನ್ನಿಸುವಷ್ಟರಲ್ಲಿ ಪಿಟೀಲು ಅಲ್ಲಿ ಆಗಲೇ ಇತ್ತು. ಹುಲ್ಲಿನ ಮೇಲೆ ಕೂತವರು ಯಾರೂ ತಲೆ ಎತ್ತಲಿಲ್ಲ.

ಭಾನುವಾರ ಹಾರ್ಮೋನಿಯಮ್ಮಿನ ಧೂಳು ಒರೆಸಿ ಅಣ್ಣನ ಮನೆಗೆ ಒಯ್ದೆ. ಒಂದು ಮನೆಗೆ ಶ್ರುತಿ ಹಿಡಿದೆ. ಅತ್ತಿಗೆ ಕಾಫಿ ತಂದಿಟ್ಟು ಬಾಗಿಲಲ್ಲೇ ನಿಂತರು. ಪಲ್ಲವಿ ಹೇಗೋ ದಾಟಿತು. ಎರಡನೆಯ ಚರಣದಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಹಳೆಯ ಮನೆಗೇ ಹೋಗಿ ಅಪಸ್ವರ ಹೊರಟಿತು. ಅಣ್ಣ ಹಾಡು ನಿಲ್ಲಿಸಿ, ತೊಡೆಯ ಮೇಲೆ ತಾಳ ಮಾತ್ರ ಬಿಡದೆ ಹಾಕುತ್ತಾ, ನಾನು ಮನೆ ಹುಡುಕಿಕೊಳ್ಳುವವರೆಗೂ ಕಾದರು.